ನಾಲ್ಕನೇ ಕೋಣೆಯ ರೋಗಿ

ಮುದುಕರೊಬ್ಬರಿಗೆ ಕ್ರಮವಾಗಿ ನಮಸ್ಕಾರ ಹೇಳಿದ್ದಕ್ಕೆ ಫುಲೇರಾ ಡಾಕ್ಟರ್ ಪರೀಕ್ಷೆಯಲ್ಲಿ ಫೇಲಾದಳು. ನಮ್ಮ ತಮಾಲೆ ಊರಿನಲ್ಲಿ ಯಾರ ಮುಂದೆ ಬೇಕಾದರೂ ಈ ಮಾತು ಹೇಳಿ ನೋಡಿ, ಮೊದಲು ನಗುತ್ತಾರೆ. ನೀವು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ನಗು ನಿಲ್ಲಿಸಿ, "ಆ ಪರೀಕ್ಷೆ ಮಾಡಿದವನ ಮನೆ ಎಲ್ಲಿ?" ಎಂದು ಕೇಳುತ್ತಾರೆ.

ಫುಲೇರಾಳ ಅಮ್ಮ ಶಿಯಾ ಮರದ ಬೀಜದಿಂದ ಬೆಣ್ಣೆ ತೆಗೆಯುವವಳು. ಚಿಕ್ಕಮ್ಮ ಲಾಮಿ ದೊಡ್ಡ ಮಾರುಕಟ್ಟೆಯ ಹಿಂದೆ ವಾಚೆ ಮಾರುತ್ತಾಳೆ. ಅಕ್ಕಿ ಅಲಸಂದೆ ಸೇರಿಸಿ ಬೇಯಿಸಿದ ಅವಳ ವಾಚೆಗೆ ಬೆಳಗಾದರೆ ಸಾಲು ನಿಲ್ಲುತ್ತದೆ. ಈ ಇಬ್ಬರ ನಡುವೆ ಬೆಳೆದ ಹುಡುಗಿಗೆ ಓದು ಹತ್ತಿತು, ಸರಕಾರ ಕ್ಯೂಬಾಕ್ಕೆ ಕಳಿಸಿತು. ಒಂದು ವರ್ಷ ಸ್ಪ್ಯಾನಿಷ್ ಕಲಿತು, ಆರು ವರ್ಷ ಆ ಭಾಷೆಯಲ್ಲೇ ವೈದ್ಯಕೀಯ ಓದಿದಳು. ಅಲ್ಲಿನ ಮೇಷ್ಟ್ರುಗಳು ಅವಳನ್ನು ಬೆಳಿಗ್ಗೆ ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಪುಟ್ಟ ಲೋಟದಲ್ಲಿ ಕೊಟ್ಟ ಕಾಫಿ ಕುಡಿದು, ಮೊಮ್ಮಕ್ಕಳ ಸುದ್ದಿ ಕೇಳಿ, ಆಮೇಲೆ ರೋಗಕ್ಕೆ ಕೈಹಾಕುವುದು ಅಲ್ಲಿಯ ಪದ್ಧತಿ. ಫುಲೇರಾಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವಳ ಅಜ್ಜಿ ಕಲಿಸಿದ್ದೂ ಅದೇ. ಹಿರಿಯರ ಮುಂದೆ ನಿಂತುಕೊಂಡು ಮಾತಾಡಬಾರದು. ಕುಕ್ಕರಗಾಲಲ್ಲಿ ಕೂತು ನಮಸ್ಕಾರ ಹೇಳಬೇಕು, ನಿದ್ದೆ ಬಂತೇ, ಮನೆಯವರು ಹೇಗಿದ್ದಾರೆ, ಹೊಲ ಹೇಗಿದೆ ಎಂದು ಒಂದೊಂದಾಗಿ ಕೇಳಬೇಕು, ಅವರು ಒಂದೊಂದಕ್ಕೂ "ನಾ" ಎಂದು ಓಗೊಡುವವರೆಗೆ ಕಾಯಬೇಕು. ಇಷ್ಟು ಮಾಡದವರಿಗೆ ನಮ್ಮ ಕಡೆಯ ಹಿರಿಯರು ಏನನ್ನೂ ಹೇಳುವುದಿಲ್ಲ. ಕಾಲು ಮುರಿದಿದ್ದರೂ ಎಲ್ಲ ಚೆನ್ನಾಗಿದೆ ಎನ್ನುತ್ತಾರೆ.

ಹೊರದೇಶದಲ್ಲಿ ಓದಿ ಬಂದವರು ವೈದ್ಯಕೀಯ ಮಂಡಳಿಯ ಪರೀಕ್ಷೆ ಪಾಸಾಗದೆ ಇಲ್ಲಿ ಡಾಕ್ಟರಾಗುವ ಹಾಗಿಲ್ಲ. ಪರೀಕ್ಷೆಯೇ ಬೇಡ ಎಂದು ಫುಲೇರಾ ಒಂದು ದಿನವೂ ಅಂದವಳಲ್ಲ. ಬರೆಯುವ ಪರೀಕ್ಷೆ ಒಂದೇ ಏಟಿಗೆ ಮುಗಿಸಿದಳು. ಉಳಿದದ್ದು ಊರಿನ ದೊಡ್ಡಾಸ್ಪತ್ರೆಯಲ್ಲಿ ನಡೆಯುವ ಕೋಣೆಗಳ ಪರೀಕ್ಷೆ. ಹನ್ನೆರಡು ಕೋಣೆ, ಒಂದೊಂದರಲ್ಲೂ ಏಳೇ ನಿಮಿಷ, ಗಂಟೆ ಬಾರಿಸಿದ ಕೂಡಲೇ ಮುಂದಿನ ಕೋಣೆಗೆ ಓಟ. ಒಳಗೆ ಒಬ್ಬ ಸೋಗಿನ ರೋಗಿ ಇರುತ್ತಾನೆ. ಬಸ್ಸಿನ ಖರ್ಚು, ಒಂದು ಡಬ್ಬ ಊಟ ಕೊಟ್ಟು ಊರವರನ್ನೇ ಕರೆತಂದು, ಹೇಳಬೇಕಾದ ರೋಗವನ್ನು ಬಾಯಿಪಾಠ ಮಾಡಿಸಿರುತ್ತಾರೆ. ಮೂಲೆಯಲ್ಲಿ ಪರೀಕ್ಷಕರು ಹಾಳೆ ಹಿಡಿದು ಕೂತಿರುತ್ತಾರೆ.

ನಾಲ್ಕನೇ ಕೋಣೆಯಲ್ಲಿದ್ದವರು ನಾಪಾರಿ ಅಜ್ಜ, ಕುಂಬುಂಗು ಕಡೆಯ ನೇಕಾರರು. ಪಟ್ಟೆ ಪಟ್ಟೆಯ ನಿಲುವಂಗಿ, ತಲೆಗೆ ಟೋಪಿ. ಪರೀಕ್ಷಕರು ಡಾಕ್ಟರ್ ಜಿಬ್ರಿಲ್, ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಫುಲೇರಾಳಿಗಿಂತ ಮುಂಚೆ ಬಂದ ಎಂಟು ಜನ ಕೈ ತೊಳೆದು, ಹೆಸರು ಹೇಳಿ, ನಿಂತೇ ಪ್ರಶ್ನೆ ಕೇಳಿ ಹೋಗಿದ್ದರು. ಫುಲೇರಾ ಅಜ್ಜನನ್ನು ಕಂಡದ್ದೇ ತಡ, ಯೋಚನೆಯನ್ನೇ ಮಾಡದೆ ಕುಕ್ಕರಗಾಲಲ್ಲಿ ಕೂತಳು.

"ದಸಿಬಾ, ಅಜ್ಜಾ" ಎಂದು ಬೆಳಗಿನ ನಮಸ್ಕಾರ ಹೇಳಿದಳು.

"ನಾ."

"ನಿದ್ದೆ ಚೆನ್ನಾಗಿ ಬಂತಾ?"

"ನಾ."

ಮನೆ, ಮಕ್ಕಳು, ಮಗ್ಗ ಎಲ್ಲ ಆಗುವ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು. ಅಜ್ಜ "ಮೂರು ವಾರದಿಂದ ಕೆಮ್ಮು, ರಾತ್ರಿ ಬೆವರು" ಎಂದು ಪಾಠ ಒಪ್ಪಿಸಲು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಮೂಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಗಳೇ, ಈ ಕೆಮ್ಮು ಅವರು ಕೊಟ್ಟದ್ದು. ನಂದು ಬೇರೆ. ಉಚ್ಚೆಯಲ್ಲಿ ರಕ್ತ ಹೋಗ್ತದೆ. ಐದು ತಿಂಗಳಾಯ್ತು. ಮನೇಲಿ ಯಾರಿಗೂ ಹೇಳಿಲ್ಲ."

ಫುಲೇರಾಳಿಗೆ ಪರೀಕ್ಷೆ ಮರೆತೇ ಹೋಯಿತು. ನೋವಿದೆಯೇ, ಗಂಟು ಗಂಟಾಗಿ ಹೋಗುತ್ತದೆಯೇ, ಮೈ ಇಳಿದಿದೆಯೇ ಎಂದೆಲ್ಲ ಕೇಳಿದಳು. "ಇದೇ ಆಸ್ಪತ್ರೆಯ ಹಿಂಭಾಗದಲ್ಲಿ ಮೂತ್ರದ ವಿಭಾಗ ಇದೆ ಅಜ್ಜಾ. ಇವತ್ತೇ ಹೋಗಿ, ನಾಳೆ ಅನ್ನಬೇಡಿ" ಎನ್ನುತ್ತಿರುವಾಗ ಗಂಟೆ ಬಾರಿಸಿತು. ಡಾಕ್ಟರ್ ಜಿಬ್ರಿಲ್ ಹಾಳೆಯಿಂದ ತಲೆ ಎತ್ತದೆ "ಮುಂದಿನವರು" ಎಂದರು.

ತಿಂಗಳ ಮೇಲೆ ಕಾಗದ ಬಂತು. ನಾಲ್ಕನೇ ಕೋಣೆಗೆ ಸೊನ್ನೆ, ಅದರಿಂದಾಗಿ ಪೂರ್ತಿ ಪರೀಕ್ಷೆ ಫೇಲು. ಕಾರಣವನ್ನೂ ಬರೆದಿದ್ದರು. ಸಮಯ ಪಾಲನೆ ಇಲ್ಲ. ರೋಗಿಯ ಮುಂದೆ ನೆಲದ ಮೇಲೆ ಕುಳಿತದ್ದು ವೃತ್ತಿಗೆ ಶೋಭೆಯಲ್ಲ. ಕೊಟ್ಟ ರೋಗವನ್ನು ಬಿಟ್ಟು ಬೇರೆ ವಿಷಯ ವಿಚಾರಿಸಿದ್ದಾರೆ.

"ಬೇರೆ ವಿಷಯ ಅಂತೆ!" ಫುಲೇರಾ ಕಾಗದವನ್ನು ಚಿಕ್ಕಮ್ಮನ ಅಂಗಡಿಯ ಬೆಂಚಿನ ಮೇಲೆ ಕುಕ್ಕಿದಳು. "ಚಿಕ್ಕಮ್ಮಾ, ಆ ಮನುಷ್ಯನಿಗೆ ನಮ್ಮ ದಗ್ಬಾನಿ ಭಾಷೆ ಬರತ್ತೆ. ದಕ್ಷಿಣದವನಾಗಿದ್ರೆ ಗೊತ್ತಾಗ್ಲಿಲ್ಲ, ಬಿಡು ಅನ್ನಬಹುದಿತ್ತು. ಅಜ್ಜ ಹೇಳಿದ ಒಂದೊಂದು ಮಾತೂ ಅವರಿಗೆ ಕೇಳಿಸಿದೆ. ಕೇಳಿಸಿಕೊಂಡು ಸೊನ್ನೆ ಬರೆದಿದಾರೆ!"

ಈ ಸಿಟ್ಟು ಅವಳಿಗೆ ಇಳಿಯಲೇ ಇಲ್ಲ. ಯಾಕಾದರೂ ಇಳಿಯಬೇಕು? ಬೆಳಿಗ್ಗೆ ವಾಚೆಯ ಮೇಲೆ ಸಾರು ಸುರಿಯುವಾಗಲೂ ಇತ್ತು, ಗಿರಾಕಿಗಳು "ಏನ್ ಡಾಕ್ಟರೇ, ಮೊಟ್ಟೆ ಹಾಕಿ" ಎಂದು ಚುಡಾಯಿಸುವಾಗಲೂ ಇತ್ತು. ಆದರೆ ಆರು ತಿಂಗಳಿಗೊಮ್ಮೆ ಪರೀಕ್ಷೆ. ಇದೂ ಹೋದರೆ ಎರಡು ವರ್ಷ ಕೂರುವ ಹಾಗಿಲ್ಲ ಎಂಬ ನಿಯಮ. ಸಿಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡು ಓದಲು ಕೂತಳು.

ಜತೆಗೆ ಸೆಲಾಸಿ ಇದ್ದಳು. ಹೋ ಎಂಬ ಊರಿನವಳು, ಚೀನಾದಲ್ಲಿ ಓದಿದವಳು, ಪರೀಕ್ಷೆಗೆಂದೇ ತಮಾಲೆಯಲ್ಲಿ ಕೋಣೆ ಹಿಡಿದಿದ್ದಳು. ಮಧ್ಯಾಹ್ನ ವಾಚೆ ಖಾಲಿಯಾದ ಮೇಲೆ ಅಂಗಡಿಯೇ ಪರೀಕ್ಷೆಯ ಕೋಣೆ, ಲಾಮಿ ಚಿಕ್ಕಮ್ಮನೇ ರೋಗಿ. ಸೆಲಾಸಿ ಒಂದು ಕೈಯಲ್ಲಿ ಮೊಬೈಲಿನ ಗಡಿಯಾರ, ಇನ್ನೊಂದು ಕೈಯಲ್ಲಿ ಮರದ ಸೌಟು ಹಿಡಿದು ನಿಲ್ಲುತ್ತಿದ್ದಳು. ಚಿಕ್ಕಮ್ಮನನ್ನು ಕಂಡ ಕೂಡಲೇ ಫುಲೇರಾಳ ಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು. ಸೌಟು ಟಕ್ಕೆಂದು ಮಂಡಿಗೆ ಬೀಳುತ್ತಿತ್ತು.

"ಮೊಣಕಾಲು!" ಎಂದು ಸೆಲಾಸಿ ಕೂಗುತ್ತಿದ್ದಳು. "ನೆಟ್ಟಗೆ ನಿಲ್ಲು. ಕೈ, ಹೆಸರು, ಅನುಮತಿ, ಪ್ರಶ್ನೆ. ಇನ್ನೊಂದ್ಸಲ."

"ಕೈ ತೊಳೆದೆ. ನಾನು ಡಾಕ್ಟರ್ ಫುಲೇರಾ. ನಿಮ್ಮನ್ನ ಪರೀಕ್ಷೆ ಮಾಡಬಹುದಾ? ಕೆಮ್ಮು ಎಷ್ಟು ದಿನದಿಂದ?"

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಾನು ಸಾಯ್ತಾ ಇದ್ರೂ ನಿಮ್ಮಿಬ್ರಿಗೆ ಹೇಳಲ್ಲ ಕಣ್ರೇ. ಬಂದ್ಲಂತೆ, ಕೈ ತೊಳೆದ್ಲಂತೆ, ಕೆಮ್ಮು ಎಷ್ಟು ದಿನ ಅಂದ್ಲಂತೆ. ನಾನೇನು ಪೊಲೀಸ್ ಸ್ಟೇಷನ್ನಿಗೆ ಬಂದಿದೀನಾ?"

"ಚಿಕ್ಕಮ್ಮಾ, ನೀವು ಕೆಮ್ಮಬೇಕು ಅಷ್ಟೇ" ಎಂದು ಸೆಲಾಸಿ ಹಲ್ಲು ಕಚ್ಚಿದಳು.

"ಕೆಮ್ಮು ಇಲ್ವಲ್ಲ! ಸೊಂಟ ನೋವಿದೆ. ಅದನ್ನ ಯಾರು ಕೇಳ್ತಾರೆ?"

"ಪರೀಕ್ಷೆಯಲ್ಲಿ ಸೊಂಟ ಇಲ್ಲ."

"ಹಾಗಾದ್ರೆ ಆ ಪರೀಕ್ಷೆಗೆ ನನ್ನ ಸೊಂಟದ ಮೇಲೆ ಏನು ಅಧಿಕಾರ?"

ಮೂವರೂ ನಕ್ಕರು. ಆದರೂ ಅಭ್ಯಾಸ ನಿಲ್ಲಲಿಲ್ಲ. ಐದನೇ ತಿಂಗಳಿಗೆ ಫುಲೇರಾಳ ಮೊಣಕಾಲು ಬಾಗುವುದನ್ನು ಬಿಟ್ಟಿತು. ಹತ್ತೊಂಬತ್ತು ಪ್ರಶ್ನೆಗಳನ್ನು ಐದೂವರೆ ನಿಮಿಷದಲ್ಲಿ ಮುಗಿಸುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯ ಹಾಜಿಯಾ ಅಜ್ಜಿ ಎದುರಾದಾಗ ನಿಂತೇ ನಮಸ್ಕಾರ ಹೇಳಿ ಹೊರಟುಬಿಟ್ಟಳು. ಮುದುಕಿ ಹಿಂದಿನಿಂದ, "ಕ್ಯೂಬಾದಲ್ಲಿ ಏಳು ವರ್ಷ ಇದ್ದು ಬಂದಾಗ ಸರಿಯಾಗೇ ಇದ್ದಳಲ್ಲ, ಈಗೇನಾಯ್ತು?" ಎಂದದ್ದು ಅವಳಿಗೆ ಕೇಳಿಸಿತು.

ಎರಡನೇ ಸಲದ ಪರೀಕ್ಷೆಯಲ್ಲಿ ನಾಲ್ಕನೇ ಕೋಣೆಯ ಬಾಗಿಲು ತಳ್ಳಿದರೆ, ಮೂಲೆಯಲ್ಲಿ ಅದೇ ಡಾಕ್ಟರ್ ಜಿಬ್ರಿಲ್, ಕುರ್ಚಿಯಲ್ಲಿ ಅದೇ ನಾಪಾರಿ ಅಜ್ಜ. ನಿಲುವಂಗಿ ಮಾತ್ರ ಈಗ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ಅವಳನ್ನು ಕಂಡ ಕೂಡಲೇ ಅಜ್ಜ ನೆಟ್ಟಗಾದರು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಮಸ್ಕಾರ ಸ್ವೀಕರಿಸಲು ಸಿದ್ಧರಾಗಿ ಕೂತರು.

ಫುಲೇರಾಳ ಕಾಲು ಒಂದಿಷ್ಟು ಬಾಗಿತು. ಮೊಣಕಾಲು! ಎಂದು ಸೆಲಾಸಿಯ ದನಿ ಕಿವಿಯಲ್ಲಿ ಕೂಗಿತು. ಫೇಲಾದರೆ ಎರಡು ವರ್ಷ, ಇನ್ನೂ ಎರಡು ವರ್ಷ ವಾಚೆಯ ಸೌಟು. ಅವಳು ತಿರುಗಿ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಹೆಸರು ಹೇಳಿದಳು. ಅನುಮತಿ ಕೇಳಿದಳು.

ಅಜ್ಜ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ, "ಮೂರು ವಾರದಿಂದ ಕೆಮ್ಮು. ರಾತ್ರಿ ಬೆವರು" ಎಂದರು. ಅವಳು ಹತ್ತೊಂಬತ್ತು ಪ್ರಶ್ನೆ ಕೇಳಿದಳು, ಅವರು ಹತ್ತೊಂಬತ್ತಕ್ಕೂ ಪಾಠ ಒಪ್ಪಿಸಿದರು. ಇನ್ನೂ ಒಂದು ನಿಮಿಷ ಉಳಿದಿತ್ತು. ಡಾಕ್ಟರ್ ಜಿಬ್ರಿಲ್ ತಲೆ ಎತ್ತಿ, ಸಂತೋಷದಿಂದಲೇ, "ಚೆನ್ನಾಗಿ ಮಾಡಿದ್ರಿ" ಎಂದರು.

ಉಳಿದ ಎಂಟು ಕೋಣೆಗಳನ್ನು ಹೇಗೆ ಮುಗಿಸಿದಳೋ ಅವಳಿಗೇ ನೆನಪಿಲ್ಲ. ಹೊರಗೆ ಬಂದಾಗ ಬೇವಿನ ಮರದಡಿ ಸೋಗಿನ ರೋಗಿಗಳಿಗೆಲ್ಲ ಊಟದ ಡಬ್ಬ ಕೊಟ್ಟಿದ್ದರು. ಅಜ್ಜ ಡಬ್ಬ ಬಿಚ್ಚದೆ ಕೂತಿದ್ದರು. ಫುಲೇರಾ ಬಿಳಿ ಕೋಟಿನಲ್ಲೇ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಧ್ಯಾಹ್ನದ ನಮಸ್ಕಾರ ಹೇಳಿದಳು. ಅಜ್ಜ ಆತುರಪಡದೆ ಒಂದೊಂದಕ್ಕೂ "ನಾ" ಎಂದರು.

"ಅಜ್ಜಾ, ಅವತ್ತು ನಾನು ಹೇಳಿದ ಕಡೆ ಹೋದ್ರಾ?"

"ಅವತ್ತೇ ಹೋದೆ. ಕಿಟಕಿಯಲ್ಲಿದ್ದವನು ಡಾಕ್ಟರ ಚೀಟಿ ಎಲ್ಲಿ ಅಂದ. ಒಬ್ಬ ಹುಡುಗಿ ಹೇಳಿದ್ಲು ಅಂದೆ. ಹುಡುಗಿ ಹೇಳಿದ್ರೆ ಆಗಲ್ಲ, ಚೀಟಿ ಬೇಕು ಅಂದ."

ಚೀಟಿ ಬರೆಯುವ ಹಕ್ಕು ಫುಲೇರಾಳಿಗೆ ಎಲ್ಲಿತ್ತು! "ಬೇರೆ ಯಾರಿಗೂ ತೋರಿಸ್ಲಿಲ್ವಾ?"

"ಯಾರಿಗೆ ತೋರಿಸ್ಲಿ? ನಿನ್ನ ಮನೆ ಗೊತ್ತಿಲ್ಲ. ಮತ್ತೆ ಪರೀಕ್ಷೆ ಇದೆ, ರೋಗಿಗಳು ಬೇಕು ಅಂದ್ರು. ನೀನು ಸಿಗ್ತೀಯ ಅಂತ ಬಂದು ಕೂತೆ."

"ಮತ್ತೆ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಅಜ್ಜಾ?"

"ಬೆಳಿಗ್ಗೆ ಬಂದವಳು ನೀನಲ್ಲ ಅಂದ್ಕೊಂಡೆ."

ಅವಳು ಎದ್ದಳು, ಅಜ್ಜನ ಕೈ ಹಿಡಿದು ಎಬ್ಬಿಸಿದಳು. ಪರೀಕ್ಷೆ ಮುಗಿಸಿ ಬಂದಿದ್ದ ಸೆಲಾಸಿ ಕೋಟಿನ ತೋಳು ಜಗ್ಗಿದಳು. "ಎಲ್ಲಿಗೆ ಹೋಗ್ತೀಯೇ ಹುಚ್ಚೀ? ಅಂಕದ ಹಾಳೆ ಇನ್ನೂ ಅವರ ಕೈಯಲ್ಲೇ ಇದೆ!"

"ಇರಲಿ" ಎಂದಳು ಫುಲೇರಾ.

ಪರೀಕ್ಷಕರೆಲ್ಲ ದೊಡ್ಡ ಮೇಜಿನ ಸುತ್ತ ಊಟ ಮಾಡುತ್ತಿದ್ದರು. ಫುಲೇರಾ ನೇರವಾಗಿ ಡಾಕ್ಟರ್ ಜಿಬ್ರಿಲ್ ಎದುರು ನಿಂತಳು.

"ಸರ್, ಇವರಿಗೆ ಮೂತ್ರದ ವಿಭಾಗಕ್ಕೆ ಚೀಟಿ ಬರೆದುಕೊಡಿ."

"ಯಾರಿವರು?"

"ನಾಲ್ಕನೇ ಕೋಣೆಯವರು. ಎರಡು ಸಲ ನಿಮ್ಮ ಎದುರಿಗೇ ಕೂತಿದ್ರು."

"ನಟನೆಗೆ ಬಂದವರಲ್ವಾ? ನಿಜವಾಗಲೂ ರೋಗ ಇದೆಯಾ?"

"ಆರು ತಿಂಗಳ ಹಿಂದೆ ರಕ್ತ ಹೋಗ್ತದೆ ಅಂದ್ರು, ಸರ್. ನಮ್ಮ ಭಾಷೆಯಲ್ಲೇ ಅಂದ್ರು. ನಿಮಗೆ ಕೇಳಿಸಿತ್ತು. ನೀವು ನನಗೆ ಸೊನ್ನೆ ಬರೆದ್ರಿ, ಇವರಿಗೆ ಏನೂ ಬರೀಲಿಲ್ಲ."

ಡಾಕ್ಟರ್ ಜಿಬ್ರಿಲ್ ಕೈ ಒರೆಸಿಕೊಂಡು, ಕೂತಲ್ಲಿಂದಲೇ ಚೀಟಿಯ ಕಟ್ಟನ್ನು ಹತ್ತಿರ ಎಳೆದುಕೊಂಡರು. "ಏನ್ ತೊಂದರೆ ಯಜಮಾನ್ರೇ?"

ಅಜ್ಜ ಗೋಡೆಯ ಕಡೆ ತಿರುಗಿದರು. "ಮೂರು ವಾರದಿಂದ ಕೆಮ್ಮು, ಡಾಕ್ಟರೇ. ರಾತ್ರಿ ಬೆವರು."

ಒಬ್ಬ ಎಳೆಯ ಪರೀಕ್ಷಕ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ.

"ಮೊದಲು ನಮಸ್ಕಾರ ಹೇಳಿ ಸರ್" ಎಂದಳು ಫುಲೇರಾ. "ನಿಮ್ಮ ಅಮ್ಮ ನಿಮಗೂ ಕಲಿಸಿರ್ತಾರೆ."

ಡಾಕ್ಟರ್ ಜಿಬ್ರಿಲ್ ಕುರ್ಚಿ ಹಿಂದೆ ಸರಿಸಿದರು, ಮೇಜಿನ ಅಂಚು ಹಿಡಿದು, ಮಂಡಿ ಲಟಕ್ಕೆನ್ನುತ್ತಿದ್ದರೂ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತರು. ಅಜ್ಜ ಅವರಿಗೆ ಒಂದಿಷ್ಟೂ ರಿಯಾಯಿತಿ ಕೊಡಲಿಲ್ಲ. ಮನೆ, ಮಕ್ಕಳು, ಹೊಲ, ಕೆಲಸ ಎಲ್ಲ ಆದ ಮೇಲೆ, ಕೊನೆಯ "ನಾ" ಎಂದ ಮೇಲೆ, ಹೇಳಿದರು:

"ಉಚ್ಚೆಯಲ್ಲಿ ರಕ್ತ ಹೋಗ್ತದಪ್ಪಾ. ಹನ್ನೊಂದು ತಿಂಗಳಾಯ್ತು."

ಚೀಟಿ ಸಿಕ್ಕಿತು. ಅದೇ ದಿನ ಅಜ್ಜನನ್ನು ದಾಖಲು ಮಾಡಿಕೊಂಡರು. ಡಾಕ್ಟರ್ ಜಿಬ್ರಿಲ್ ಅಂಕದ ಹಾಳೆಯನ್ನು ತಿದ್ದಲಿಲ್ಲ, ಅಷ್ಟರಮಟ್ಟಿಗೆ ದೊಡ್ಡ ಮನುಷ್ಯರು. ಮುಂದಿನ ತಿಂಗಳು ಬಂದ ಕಾಗದದಲ್ಲಿ ಫುಲೇರಾ ಪಾಸು; ನಾಲ್ಕನೇ ಕೋಣೆಗೆ ಪೂರ್ತಿ ಅಂಕ, ಸಮಯ ಪಾಲನೆ ಅತ್ಯುತ್ತಮ ಎಂಬ ಮೆಚ್ಚುಗೆ ಬೇರೆ. ಲಾಮಿ ಚಿಕ್ಕಮ್ಮ ಅವತ್ತು ಕೇರಿಗೆಲ್ಲ ವಾಚೆ ಹಂಚಿದಳು. ಫುಲೇರಾ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಗಂಡಸರ ವಾರ್ಡಿಗೆ ಹೋದಳು.

ಅಜ್ಜ ನಿದ್ದೆಯಲ್ಲಿದ್ದರು. ಶಸ್ತ್ರಚಿಕಿತ್ಸೆಯ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಕಡತ ಮಗುಚುತ್ತಿದ್ದರು. ಹೊಸ ಡಾಕ್ಟರ್ ಎಂದು ತಿಳಿದ ಮೇಲೆ ಅವಳಿಗೂ ತೋರಿಸಿದರು. ಗಡ್ಡೆ ಮೂತ್ರಕೋಶ ದಾಟಿ ಆಚೆಗೂ ಹರಡಿತ್ತು.

"ನಮ್ಮ ಜನಕ್ಕೆ ಬುದ್ಧಿಯೇ ಇಲ್ಲ ನೋಡಿ" ಎಂದರು ಅವರು, ಬೇಸರದಿಂದಲೇ. "ಕೊನೇ ಗಳಿಗೆವರೆಗೂ ಮನೇಲೇ ಕೂತಿರ್ತಾರೆ. ಆರೇಳು ತಿಂಗಳ ಹಿಂದೆ ಬಂದಿದ್ರೆ ಉಳಿಸಿಕೊಳ್ಳಬಹುದಿತ್ತು."

"ಬಂದಿದ್ರು ಸರ್" ಎಂದಳು ಫುಲೇರಾ. "ನಾಲ್ಕನೇ ಕೋಣೆಗೆ."