ತಳದ ಮೂರು ಗೆರೆ

ಡಬ್ಬಿಗಳ ತಳ ಉಜ್ಜಿಸಿದ್ದು ಕಂಡ ದಿನ ನಾನು ಸುಮ್ಮನಿರಲಿಲ್ಲ, ಎದ್ದು ನಿಂತು ಜಗಳ ಮಾಡಿದೆ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಕಳೆದ ವಾರ ಆ ದಿನದ ದಿನಚರಿ ತೆಗೆದು ನೋಡಿದೆ. ಅದರಲ್ಲಿ ಜಗಳವಿಲ್ಲ. ಏನಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ಮೊದಲು ಸಿಟ್ಟನ್ನು ಬರೆದುಬಿಡಬೇಕು. ಅದು ಇನ್ನೂ ಆರಿಲ್ಲ.

ಬ್ಯಾಡಗಿಯಲ್ಲಿ ಮರ ಕಡೆಯುವ ಹಿರಿಯ ಬಡಿಗರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಅನ್ನುತ್ತೇವೆ. ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು, ಅದರಲ್ಲೊಂದು ಲೇತ್. ತೊಟ್ಟಿಲ ಕಾಲು, ಲಟ್ಟಣಿಗೆ, ಬಿತ್ತುವ ಕೂರಿಗೆಗೆ ಬೀಜ ಸುರಿಯುವ ಬಟ್ಟಲು, ಇವು ಅವರ ಕೈಕೆಲಸ. ಎರಡು ವರ್ಷದ ಹಿಂದೆ ಅವರೂ ಹಾವೇರಿ, ರಾಣೆಬೆನ್ನೂರಿನ ಇನ್ನೂ ನಾಲ್ವರು ಬಡಿಗರೂ ಮಾತಾಡಿಕೊಂಡು, ನಮ್ಮ ಮೂರು ತಾಲೂಕಿನಿಂದ ಸೈನ್ಯಕ್ಕೆ ಹೋದವರಿಗೆ ಮುಚ್ಚಳವಿರುವ ಕಟ್ಟಿಗೆ ಡಬ್ಬಿ ಕಡೆದು ಕಳಿಸಬೇಕೆಂದು ಹೊರಟರು. ಒಳಗೆ ಶೇಂಗಾ ಚಟ್ನಿಪುಡಿ, ಊರ ಮೆಣಸಿನಕಾಯಿಯದೇ ಖಾರ. ಭಾನುವಾರ ಭಾನುವಾರ ಐವರೂ ಕಾಕಾನ ಶೆಡ್ಡಿನಲ್ಲಿ ಸೇರುತ್ತಿದ್ದರು. ಹಾವೇರಿಯಲ್ಲಿ ಇತಿಹಾಸ ಕಲಿಸುವ ನನಗೆ ವಿಳಾಸ ಬರೆಯುವ ಕೆಲಸ ಬಂತು.

ಇವರಲ್ಲೊಂದು ರೂಢಿಯಿದೆ. ಕೂರಿಗೆ ಬಟ್ಟಲು ಕಡೆದವರು ಅದರ ತಳದಲ್ಲಿ ಉಳಿಯಿಂದ ಸಣ್ಣ ಗೆರೆ ತೆಗೆಯುತ್ತಾರೆ. ಒಂದು ಮನೆಗೆ ಒಂದು, ಇನ್ನೊಂದಕ್ಕೆ ಎರಡು, ಕಾಕಾನ ಮನೆಗೆ ಮೂರು. ಹೆಸರು ಹಾಕುವುದಿಲ್ಲ. ಬಿತ್ತನೆಯಲ್ಲಿ ಬಟ್ಟಲು ಸೀಳಿದರೆ ರೈತ ಅದನ್ನು ಬೋರಲು ಹಾಕಿ, ಗೆರೆ ಎಣಿಸಿ, ಅದೇ ಶೆಡ್ಡಿಗೆ ತರಬೇಕು. ಕಡೆದವನು ಎದುರು ಮಾತಾಡದೆ ಹೊಸದು ಮಾಡಿಕೊಡಬೇಕು. ಬೇರೆ ಬಡಿಗನ ಹತ್ತಿರ ಒಯ್ಯುವಂತಿಲ್ಲ, ಎಸೆಯುವಂತೆಯೂ ಇಲ್ಲ. ಸೈನಿಕರ ಡಬ್ಬಿಗಳಿಗೂ ಅವರು ಹಾಗೆಯೇ ಗೆರೆ ತೆಗೆದರು.

ಒಂದು ಭಾನುವಾರ ಕಾಕಾ ಒಂದು ಡಬ್ಬಿಯನ್ನು ಬೇರೆಯಾಗಿ ತಂದು ನನ್ನ ಕೈಗಿಟ್ಟರು.

“ಅಕ್ಕಾರ, ಇದು ನನ್ನ ಮಗನ ಪಾರ್ಸಲ್ಲಿನ್ಯಾಗ ಹೋಗಬೇಕ್ ನೋಡ್ರಿ. ಅದಲಾಬದಲಿ ಆಗಬಾರ್ದು.”

“ಎಲ್ಲಾ ಒಂದ ಥರಾ ಅದಾವಲ್ರಿ ಕಾಕಾ.”

“ನಿಮಗ ಹಂಗ ಕಾಣ್ತಾವ. ನೀವು ಸಾಲಿ ಕಲಸಾವ್ರು.”

ರಾಣೆಬೆನ್ನೂರಿನ ಬಡಿಗ ತನ್ನ ಉಳಿ ಕೆಳಗಿಟ್ಟ. “ಏನ್ ಕಾಕಾ, ಮಗನ ಡಬ್ಬಿಗೆ ಬಂಗಾರ ಸುರದೀಯೇನು? ತೋರಸು ನೋಡೂಣು.”

“ನಿನ್ನ ಕೈಯಾಗ ಕೊಟ್ರ ಬಂಗಾರನೂ ಹೊಟ್ಟಾಗತೈತಿ, ಸುಮ್ಮನ ಕಡಿ,” ಅಂದರು ಕಾಕಾ. ಎಲ್ಲರೂ ನಕ್ಕರು. ನಾನು ಆ ಡಬ್ಬಿಗೆ ಕೆಂಪು ದಾರ ಕಟ್ಟಿದೆ.

ಆ ಮಗನ ವಿಷಯ ಎಲ್ಲರಿಗೂ ಗೊತ್ತು. ಲೇತಿನ ಮುಂದೆ ಬೆಳೆದವನು, ಒಂದು ದಿನ ಹೇಳದೆ ಕೇಳದೆ ಸೈನ್ಯಕ್ಕೆ ಸೇರಿದ. ಉಳಿ ಬಿಟ್ಟವನು ಈ ಶೆಡ್ಡಿನ ಹೊಸ್ತಿಲು ತುಳಿಯಬಾರದು ಎಂದು ಕಾಕಾ ಅಂದರು. ಅವನು ಆ ಮಾತನ್ನು ಇದ್ದಂತೆಯೇ ಹಿಡಿದ. ರಜೆಗೆ ಮನೆಗೆ ಬರುತ್ತಾನೆ, ತಾಯಿ ಬಡಿದ ರೊಟ್ಟಿ ಉಣ್ಣುತ್ತಾನೆ. ಹಿತ್ತಲಿನ ಶೆಡ್ಡಿಗೆ ಮಾತ್ರ ಏಳು ವರ್ಷದಿಂದ ಕಾಲಿಟ್ಟಿಲ್ಲ.

ಡಬ್ಬಿಗಳನ್ನು ತುಂಬಿ, ಕಟ್ಟಿ, ಅಂಚೆಗೆ ಹಾಕಿಸುವ ಹೊಣೆಯನ್ನು ರಾಣೆಬೆನ್ನೂರಿನ ಒಬ್ಬ ಫರ್ನಿಚರ್ ಅಂಗಡಿಯ ಸಾವಕಾರರು ತಾವಾಗಿಯೇ ಕೇಳಿ ತೆಗೆದುಕೊಂಡರು. ನಾನು ವಿಳಾಸದ ಚೀಟಿ ಹಿಡಿದು ಅವರ ಗೋದಾಮಿಗೆ ಹೋದಾಗ ಡಬ್ಬಿಗಳ ತಳವನ್ನೆಲ್ಲ ಮಷಿನ್ನಿನ ಮೇಲೆ ಉಜ್ಜಿಸಿ ಆಗಿತ್ತು. ಒಂದು ಗೆರೆಯೂ ಉಳಿದಿರಲಿಲ್ಲ. ಗೆರೆಗಳ ಜಾಗದಲ್ಲಿ ಬಂಗಾರದ ಬಣ್ಣದ ಸ್ಟಿಕ್ಕರ್, ಅದರಲ್ಲಿ ಅಂಗಡಿಯ ಹೆಸರು ಮತ್ತು ಸಾವಕಾರರ ನಗುಮುಖ.

“ತಳಾ ಯಾಕ ಉಜ್ಜಿಸಿದ್ರಿ ಸಾವಕಾರ್ರ?”

“ಗೆರಿ ಇದ್ವು, ಸ್ಟಿಕ್ಕರ್ ಕುಂಡ್ರವಲ್ದಾಗಿತ್ತು.”

“ಅವು ಬಡಿಗ್ಯಾರ ಗುರುತು ಅಲ್ಲೇನ್ರಿ?”

“ಡಬ್ಬಿ ತಳಾ ಯಾರ ನೋಡ್ತಾರ ಬಿಡ್ರಿ ಅಕ್ಕಾರ. ಖಾರಾ ತಿಂತಾರ, ಮುಚ್ಚಿಡತಾರ.”

ಯಾರೂ ನೋಡದ ತಳದಲ್ಲಿ ನಿಮ್ಮ ಮುಖ ಯಾಕೆ? ಇದನ್ನು ಅವರ ಎದುರಿಗೇ ಕೇಳಿದೆ ಎಂದು ನನ್ನ ನೆನಪು. ಸ್ಟಿಕ್ಕರ್ ಕಿತ್ತೆಸೆದೆ ಎಂದೂ ಒಮ್ಮೊಮ್ಮೆ ಹೇಳಿದ್ದುಂಟು. ದಿನಚರಿಯಲ್ಲಿ ಇರುವುದು ಇಷ್ಟು: “ಡಬ್ಬಿಗಳು ನುಣ್ಣಗಾಗಿವೆ, ಚೆಂದ ಕಾಣುತ್ತವೆ. ಗೆರೆ ಹೋದದ್ದು ಸ್ವಲ್ಪ ಬೇಸರ. ಸಾವಕಾರರು ಚಹಾ, ಮಿರ್ಚಿ ಭಜಿ ತರಿಸಿದರು. ಸಂಜೆಯೊಳಗೆ ವಿಳಾಸ ಮುಗಿಯಿತು.”

ಸ್ವಲ್ಪ ಬೇಸರ! ಇಂದಿಗೂ ಕುದಿಯುವ ಸಿಟ್ಟು ಅಂದು ಸ್ವಲ್ಪ ಬೇಸರವಾಗಿತ್ತು. ತಳ, ಗುರುತಿನ ಆ ಎರಡು ಪ್ರಶ್ನೆಗಳನ್ನಾದರೂ ಕೇಳಿದೆನೋ ಅಥವಾ ಆಮೇಲೆ ಜೋಡಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಸಾವಕಾರರ ಮಾತು ಮಾತ್ರ ಅವರದೇ. ಅಂಥ ಮಾತನ್ನು ಹೊಸೆಯುವ ಶಕ್ತಿ ನನಗಿಲ್ಲ. ಕೆಂಪು ದಾರದ ಡಬ್ಬಿಯನ್ನು ನಾನೇ ಹುಡುಕಿ, ಸರಿಯಾದ ವಿಳಾಸ ಹಚ್ಚಿ, ಬಹಳ ಜವಾಬ್ದಾರಿಯಿಂದ ಕಳಿಸಿಕೊಟ್ಟೆ. ಬೋಳು ತಳದ ಡಬ್ಬಿಯನ್ನು.

ಮುಂದಿನ ಭಾನುವಾರ ಶೆಡ್ಡಿನಲ್ಲಿ ವಿಷಯ ಹೇಳಿದೆ. ಉಳಿದವರು ಸಾವಕಾರರ ಹಿರಿಯರನ್ನೆಲ್ಲ ನೆನೆದು ಬೈದರು. ಕಾಕಾ ಬೈಯಲಿಲ್ಲ.

“ನನ್ನ ಮಗಂದೂ ಉಜ್ಜ್ಯಾರೇನ್ರಿ?”

“ಹೌದ್ರಿ.”

ಅವರು ಲೇತ್ ಬಂದ್ ಮಾಡಿದರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ನನಗೊಬ್ಬಳಿಗೇ ಹೇಳಿದರು: “ಅದು ಹಸೀ ಕಟ್ಟಿಗೀದು ಇತ್ರಿ ಅಕ್ಕಾರ.”

ನನಗೆ ತಿಳಿಯಲಿಲ್ಲ. ಹಸಿ ಕಟ್ಟಿಗೆ ಕಡೆದವರನ್ನು ಶೆಡ್ಡಿನಿಂದ ಹೊರಗೆ ಕಳಿಸಿದ ಮನುಷ್ಯ ಇವರು.

“ಅಂವಾ ಇರೂ ಕಡೆ ಹವಾ ಭಾಳ ಒಣಾ. ಎರಡ ತಿಂಗಳಿಗೆ ಸೀಳತೈತಿ. ಸೀಳಲಿ ಅಂತನ ಮಾಡಿದ್ದೆ. ಸೀಳಿದ್ರ ಬೋರಲ ಹಾಕಿ ನೋಡತಿದ್ದ. ಮೂರ ಗೆರಿ ಕಂಡಮ್ಯಾಲ ಶೆಡ್ಡಿಗೆ ತರಲಾರ್ದ ಎಲ್ಲಿ ಹೋಗ್ತಾನ್ರಿ? ಬಡಿಗ್ಯಾನ ಮಗಾ ಅಂವಾ.”

“ಒಂದ್ ಫೋನ್ ಮಾಡಿ ಬಾ ಅನ್ರಲ್ಲ ಕಾಕಾ. ಇಲ್ಲಂದ್ರ ನಾನ ಪತ್ರಾ ಬರೀತೇನಿ.”

“ಬರಿಯಾಕ ಹೋಗಬ್ಯಾಡ್ರಿ. ಬರಬ್ಯಾಡ ಅಂದ ಬಾಯೀಲೆ ಹೆಂಗ ಬಾ ಅನ್ಲಿ? ಡಬ್ಬಿ ಕರೀಬೇಕಾಗಿತ್ತು.”

ನನ್ನ ಸಿಟ್ಟಿನ ಬುಡ ಇಲ್ಲಿದೆ. ಜೀವಮಾನದಲ್ಲಿ ಒಂದೇ ಒಂದು ಕೆಟ್ಟ ಕೆಲಸವನ್ನು ಆ ಮನುಷ್ಯ ಬೇಕೆಂದೇ ಮಾಡಿದ್ದರು. ಅದನ್ನೂ ಅವರ ಹೆಸರಿಗೆ ಬಿಡಲಿಲ್ಲ. ಅದೇ ತಿಂಗಳು ರಾಣೆಬೆನ್ನೂರಿನ ಸಮಾರಂಭವೊಂದರಲ್ಲಿ ಸಾವಕಾರರಿಗೆ ಶಾಲು ಹೊದಿಸಿದರು. ಸೈನಿಕರಿಗೆ ತಮ್ಮ ಕೈಯಾರೆ ಕಾಣಿಕೆ ಕಳಿಸಿದವರು ಎಂದು ನಿರೂಪಕಿ ಓದಿದಳು. ತಮ್ಮ ಕೈಯಾರೆ! ಹಿಂದಿನ ಸಾಲಿನಲ್ಲಿ ಕೂತ ಐವರ ಬೆರಳ ಸಂದಿಯಲ್ಲಿ ಆಗಲೂ ಕಟ್ಟಿಗೆ ಧೂಳಿತ್ತು. ಆ ದಿನವೂ ನಾನು ಚಪ್ಪಾಳೆ ತಟ್ಟಿದೆನೇ? ದಿನಚರಿ ಹೇಳುವುದಿಲ್ಲ. ತಟ್ಟಿರಬೇಕು.

ಮಳೆಗಾಲದ ಹೊತ್ತಿಗೆ ಕಾಕಾನ ಹೆಂಡತಿ ನಗುತ್ತ ಸುದ್ದಿ ಹೇಳಿದರು. “ಮಗಾ ಫೋನ್ ಮಾಡಿದ್ದ ನೋಡ್ರಿ. ಚಟ್ನಿ ಭಾಳ ರುಚಿ ಇತ್ತಂತ, ಡಬ್ಬಿ ಸೀಳೇತಂತ. ಸಾವಕಾರ ಲಡ್ಡ, ಕಳಪಿ ಮಾಲ ಕೊಟ್ಟಾನ, ಒಗದಬಿಟ್ಟೆ ಅಂದ.” ಹಿತ್ತಲಲ್ಲಿ ಲೇತ್ ಒಂದು ಕ್ಷಣ ನಿಂತು ಮತ್ತೆ ತಿರುಗಿತು. ನಿಂತದ್ದು ಖರೆಯೋ, ನಾನು ನಿಲ್ಲಿಸಿಕೊಂಡೆನೋ ಗೊತ್ತಿಲ್ಲ.

ಈ ವರ್ಷ ಸಾವಕಾರರು ಮತ್ತೆ ಫೋನ್ ಮಾಡಿ, ಡಬ್ಬಿ ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಕಳಿಸುವುದಿಲ್ಲ, ನಾವೇ ಅಂಚೆಗೆ ಹಾಕುತ್ತೇವೆ ಎಂದೆ. ಇದನ್ನು ಫೋನ್ ಇಟ್ಟ ಕೂಡಲೇ ಸಮಯ ಸಮೇತ ದಿನಚರಿಯಲ್ಲಿ ಬರೆದಿದ್ದೇನೆ.

ಮೊನ್ನೆ ಶೆಡ್ಡಿಗೆ ಹೋದಾಗ ಕಾಕಾ ಹೊಸ ಡಬ್ಬಿಯೊಂದನ್ನು ಮುಂದೆ ಹಿಡಿದರು. ತಳ ತಿರುವಿ ನೋಡಿದೆ, ಗೆರೆಯಿಲ್ಲ.

“ಒಳಗ ಕೈ ಹಾಕಿ ನೋಡ್ರಿ.”

ಡಬ್ಬಿಯ ಒಳತಳದಲ್ಲಿ ಬೆರಳಿಗೆ ಮೂರು ಗೆರೆ ಹತ್ತಿದವು.

“ಇಲ್ಲಿಗೆ ಯಾವ ಮಷಿನ್ನೂ ಮುಟ್ಟಂಗಿಲ್ಲ. ಚಟ್ನಿ ತೀರಿದಮ್ಯಾಲ ಕಾಣ್ತಾವ.”

ಡಬ್ಬಿ ಕೈಯಲ್ಲಿ ತೂಕವಾಗಿತ್ತು, ತಣ್ಣಗಿತ್ತು. “ಕಟ್ಟಿಗಿ ಹಸೀದ ಐತಲ್ರಿ ಕಾಕಾ?”

“ಏನ್ ಮಾಡೋದ್ರಿ ಅಕ್ಕಾರ, ಈ ವರ್ಷ ಬಿಸಲ ಇಲ್ಲ. ಕಟ್ಟಿಗಿ ಒಣಗವಲ್ದು,” ಅಂದರು, ನನ್ನ ಮುಖ ನೋಡದೆ.

ಹೊರಗೆ ಅಂಗಳದಲ್ಲಿ ಹರವಿದ ಮೆಣಸಿನಕಾಯಿ ಬಿಸಿಲಿಗೆ ಒಣಗಿ, ಮುಟ್ಟಿದರೆ ಗಲಗಲ ಅನ್ನುತ್ತಿತ್ತು. ನಾನು ಕೆಂಪು ದಾರ ಹುಡುಕಿದೆ.