ತಂಬಾಕಿನ ಗಾಳಿ, ರೇಷ್ಮೆಯ ಹುಳು

ಬೆಳಗಿನ ಗಾಡಿಗೆ ಧಾರವಾಡ ಬಿಟ್ಟು, ಊಟದ ಹೊತ್ತಿಗೆ ಘಟಪ್ರಭಾ ನಿಲ್ದಾಣದಲ್ಲಿ ಇಳಿದೆ. ಮಾಘದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಹುಕ್ಕೇರಿ ಬಸ್ಸು ಹತ್ತಿದೆ. ಟಿಕೀಟು ಹತ್ತಾಣೆ. ಸಿಕ್ಕಿದ್ದು ಅರ್ಧ ಸೀಟು, ಉಳಿದರ್ಧದಲ್ಲಿ ಯಾರದೋ ಬೆಲ್ಲದ ಪೆಂಟಿ ಕೂತಿತ್ತು.

ಮೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ರೇಷ್ಮೆ ಹುಳುವಿನ ಮೊಟ್ಟೆಯ ಹಾಳೆಗಳನ್ನು ಜೋಪಾನವಾಗಿ ಹಿಡಿದುಕೊಂಡು ಬಂದಿದ್ದೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಕಲಿತು ಬಂದ ಹೆಂಗಸು ಎಂಬ ಹಮ್ಮು ಬೇರೆ. ಮೂಡಲಗಿಯ ಒಂದು ಮನೆಗೂ ಹುಕ್ಕೇರಿಯ ಗಂಗವ್ವನಿಗೂ ಮೊಟ್ಟೆ ಕೊಟ್ಟೆ. ಮೂಡಲಗಿಯಲ್ಲಿ ಹುಳು ಗೂಡು ಕಟ್ಟಿದವು. ಹುಕ್ಕೇರಿಯಲ್ಲಿ ಹಸಿರು ನೀರು ಕಾರಿ ಸತ್ತವು. ನಾನು ಹೋಗಿ ನೋಡಿ, ತಲೆಯಾಡಿಸಿ ಬಂದೆ. ಗಂಗವ್ವನ ಕೈಗುಣವೇ ಸರಿಯಿಲ್ಲವೆಂದು ಅವಳ ಅತ್ತೆ ಅಂದಳು, ಊರೂ ಅಂದಿತು.

ಕಾರಣ ನನಗೆ ಅದೇ ವರ್ಷ ಗೊತ್ತಾಯಿತು. ಗಂಗವ್ವನ ಹಿತ್ತಿಲಾಚೆ ಇದ್ದಂತೆ ಹಿಪ್ಪುನೇರಳೆಯ ಪಕ್ಕ ತಂಬಾಕು ಬೆಳೆದರೆ ಅದರ ವಿಷ ಎಲೆಗೆ ಹತ್ತುತ್ತದೆ, ತಿಂದ ಹುಳು ಉಳಿಯುವುದಿಲ್ಲ. ನಾನು ಕಲಿತ ಊರಿನಲ್ಲಿ ತಂಬಾಕಿರಲಿಲ್ಲ, ಹೀಗಾಗಿ ಪಾಠದಲ್ಲೂ ಬಂದಿರಲಿಲ್ಲ. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ನಾಚಿಕೆಪಟ್ಟು ಬರೆಯಲಿಲ್ಲ.

ಹುಕ್ಕೇರಿಯಲ್ಲಿ ಬಸ್ಸಿಳಿದು ಮನೆಗೆ ಹೋದಾಗ ಗಂಗವ್ವ ನೀರು, ಬೆಲ್ಲ ಕೊಟ್ಟು ಕೂರಿಸಿದಳು. ಹಿತ್ತಿಲಾಚೆಯ ಹಿಪ್ಪುನೇರಳೆ ಕಿತ್ತು, ಅಲ್ಲಿಯೂ ತಂಬಾಕು ಹಚ್ಚಿದ್ದರು. ನಾನು ತಡವರಿಸುತ್ತ ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಗೊತ್ತೈತ್ರಿ ಬಾಯಾರ. ಹತ್ತು ಹುಳಾ ಬ್ಯಾರೆ ಬುಟ್ಟ್ಯಾಗ ಇಟ್ಟು, ದೂರದ ಬಾವಿ ಕಡಿ ಗಿಡದ್ದು ಎಲಿ ಹಾಕಿದ್ನಿ. ಅವು ಸಾಯಲಿಲ್ಲ. ನೀವು ಬಂದಾಗ ಕೇಳಿದ್ನೆಲ್ರಿ, ಇದು ತಂಬಾಕದ್ದೇನರ ಐತೇನು ಅಂತ. ನೀವು ನಕ್ಕಿದ್ರಿ.”

ನಕ್ಕಿದ್ದು ನೆನಪಾಯಿತು. ನನ್ನದು ಪುಸ್ತಕದ ಬದನೆಕಾಯಿ. ಶಾಲೆಯ ಮೆಟ್ಟಿಲು ಹತ್ತದವಳು ಒಂದು ಬುಟ್ಟಿ ಇಟ್ಟುಕೊಂಡು ಕಂಡುಹಿಡಿದಿದ್ದಳು.

“ಮನಿಯಾಗ ಹೇಳಲಿಲ್ಲೇನ ಗಂಗವ್ವಾ?”

“ಹೇಳಿದ್ನಿರಿ. ಕಲತ ಬಾಯಾರಿಗೆ ಗೊತ್ತಿಲ್ಲದ್ದು ನಿನಗೇನ ಗೊತ್ತು ಅಂದ್ರು. ಅವತ್ತಿನಿಂದ ಬಿತ್ತಾಗ ಕೂರಿಗ್ಯಾಗ ಕಾಳು ಬಿಡಾಕ ನನ್ನ ಕರದಿಲ್ಲ. ಬಿತ್ತೋ ಬೀಜ ಮುಟ್ಟಾಕೂ ಬಿಡೂದಿಲ್ಲ. ಅತ್ತಿ ಮುಂದ ಒಂದು ಮಾತು ಹೇಳಿ ಹೋಗ್ರಿ.”

ಅತ್ತೆ ಕಟ್ಟೆಯ ಮೇಲೆ ಕೂತು, ಬೀಜಕ್ಕೆಂದು ಜೋಳ ಆರಿಸುತ್ತಿದ್ದಳು. ತಪ್ಪು ನನ್ನದು, ನಿಮ್ಮ ಸೊಸೆಯ ಕೈಯದಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಜೋಳ ಆರಿಸುತ್ತಲೇ ಕೇಳಿದಳು. ಮುಗಿದ ಮೇಲೆ ಮೊರವನ್ನು ಸೊಸೆಯತ್ತ ಸರಿಸಿದಳು. ಗಂಗವ್ವ ತಲೆ ತಗ್ಗಿಸಿ ಕೂತು ಜೋಳಕ್ಕೆ ಕೈ ಹಾಕಿದಳು. ನನ್ನ ಎದೆ ಹಗುರಾಯಿತು ಅಂದುಕೊಂಡೆ.

“ನಿಮ್ಮೂರು ಬಾಳ ದೂರೇನು?” ಎಂದು ಮುದುಕಿ ಕೇಳಿದಳು.

“ಇಲ್ಲರಿ, ಧಾರವಾಡ. ಮುಂಜಾನೆ ಬಿಟ್ಟೆ, ಈಗ ಬಂದೆ.”

“ಹಂಗಾರ ಮೂರು ವರ್ಷ ಎಲ್ಲಿ ಕುಂತಿದ್ದಿ, ತಂಗಿ?”