ಕೊಸೈನ್ ಶ್ರೇಣಿಯ ಸಪಾಟು ಗೆರೆ

ನಾನು ಎಂಜಿನಿಯರಿಂಗ್ ಕಾಲೇಜು ಸೇರಿದ ದಿನವೇ ಭಾಲ್ಕಿಯ ನಮ್ಮ ಓಣಿ ನನಗೆ 'ಇಂಜಿನಿಯರ್ ಸಾಹೇಬ್ರು' ಎಂದು ಹೆಸರಿಟ್ಟುಬಿಟ್ಟಿತು. ಪದವಿ ಮಾತ್ರ ಬರಲಿಲ್ಲ. ಉಳಿದೆಲ್ಲ ಪಾಸಾಗಿ, ಗಣಿತದ ಒಂದೇ ಒಂದು ಪತ್ರಿಕೆ ಗಂಟಲ ಮುಳ್ಳಾಗಿ ಉಳಿಯಿತು. ವಿಶ್ವವಿದ್ಯಾಲಯ ಕೊಟ್ಟ ಅವಧಿ ಮುಗಿಯುತ್ತ ಬಂದು, ಆ ವರ್ಷದ ಪರೀಕ್ಷೆಯೇ ಕೊನೆಯ ಅವಕಾಶವಾಗಿತ್ತು. ಅದರಲ್ಲೂ ಫೇಲಾದರೆ ಪದವಿ ಇಲ್ಲ, ಅಷ್ಟೇ.

ಅದುವರೆಗೆ ನಾನು ಓದಿದ್ದು ನಮ್ಮವರೆಲ್ಲ ಓದುವ ಹಾಗೆಯೇ. ಬೀದರಿನ ಝೆರಾಕ್ಸ್ ಅಂಗಡಿಗಳಲ್ಲಿ 'ಇಂಪಾರ್ಟೆಂಟ್' ಲೆಕ್ಕಗಳ ಕಟ್ಟು ಸಿಗುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಾರಿಕೊಂಡು ಬರುವುದು. ಫೋರಿಯರ್ ಶ್ರೇಣಿ ಎಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳಿದವನ ತಲೆ ಕೆಟ್ಟಿದೆಯೆಂದು ಅರ್ಥ.

ನನ್ನ ಜೊತೆಗೇ ಓದಿ ಅರ್ಧಕ್ಕೆ ಕೈಬಿಟ್ಟ ಗೆಳೆಯನೊಬ್ಬ ಔರಾದಿನಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಪರೀಕ್ಷೆಗೆ ಮುಂಚೆ ಬಸ್ಸು ಹಿಡಿದು ಅಲ್ಲಿಗೆ ಹೋಗತೊಡಗಿದೆ. ಅವನ ಕಂಪ್ಯೂಟರಿಗೆ ಗಣಿತದ ಉಚಿತ ತಂತ್ರಾಂಶವೊಂದನ್ನು ಹಾಕಿ, ಸೊನ್ನೆಯಿಂದ ಪೈವರೆಗೆ ಏರುವ ಓರೆ ಗೆರೆಯೊಂದನ್ನು, ಫೋರಿಯರ್ ಶ್ರೇಣಿ ಹೇಳುವಂತೆ, ಸೈನ್ ಅಲೆಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದೆ. ಐದು ಪದ, ಅಂದರೆ ಐದು ಅಲೆ, ಕೂಡಿಸಿದಾಗ ಹಾವಿನಂತೆ ಹೊರಳಿತು. ಐವತ್ತು ಕೂಡಿಸಿದಾಗ ಗೆರೆಗೆ ಅಂಟಿಕೊಂಡೇ ಹೋಗಿ, ತುದಿಯಲ್ಲಿ ಕೊಂಬೆತ್ತಿ, ದೊಪ್ಪನೆ ಸೊನ್ನೆಗೆ ಬಿತ್ತು. ಅದೇ ಗೆರೆಗೆ ಕೊಸೈನ್ ಹಾಕಿದರೆ ನಾಲ್ಕೈದು ಪದಕ್ಕೇ ಗೆರೆಯ ಮೇಲೆ ಸುಮ್ಮನೆ ಬಂದು ಕೂತಿತು. ಇಷ್ಟು ವರ್ಷ ಬಾಯಿಪಾಠ ಮಾಡಿದ ಅಕ್ಷರಗಳಿಗೆ ಒಂದು ಆಕಾರವಿತ್ತು! ಖುಷಿಗೆ ನನ್ನ ಕಣ್ಣು ತುಂಬಿತು.

"ಏ ದೋಸ್ತ, ಚಿತ್ರ ನೋಡ್ಕೋತ ಕುಂತ್ರ ಮಾರ್ಕ್ಸ್ ಯಾರ್ ಕೊಡ್ತಾರ? ಸುಮ್ನ ಆ ಕಟ್ಟು ಓದ್ಕೋ" ಎಂದ ಗೆಳೆಯ.

ಬೀದರಿನ ಪರೀಕ್ಷಾ ಕೊಠಡಿಯಲ್ಲಿ ಮೊದಲ ಪ್ರಶ್ನೆಯೇ ಅದೇ ಗೆರೆಗೆ ಕೊಸೈನ್ ಶ್ರೇಣಿ ಬರೆಯುವುದು. ಬರೆದೆ. ಕೊಸೈನ್ ಪದಗಳೆಲ್ಲ ಸೊನ್ನೆ ಬಂದವು. ಮೊದಲಿನ ನಾನಾಗಿದ್ದರೆ ಅಡಿಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಈಗ ಹೋಗಲಾಗಲಿಲ್ಲ. ಎಲ್ಲವೂ ಸೊನ್ನೆಯಾದರೆ ಓರೆ ಗೆರೆ ಎಲ್ಲಿಂದ ಬರಬೇಕು? ಮೊದಲಿನ ಸ್ಥಿರ ಸಂಖ್ಯೆಯೊಂದೇ ಉಳಿದು, ಮಲಗಿದ ಗೆರೆ ಬರುತ್ತದೆ. ತಪ್ಪೆಂದು ಕಣ್ಣಿಗೆ ಕಾಣುತ್ತಿತ್ತು, ಎಲ್ಲಿ ತಪ್ಪಿದೆನೆಂದು ಕಾಣುತ್ತಿರಲಿಲ್ಲ. ಹೊಡೆದು ಹಾಕಿ ಮತ್ತೆ ಬರೆದೆ, ಮತ್ತೆ ಸೊನ್ನೆ. ಬಾಯಿಪಾಠವಿದ್ದ ಉಳಿದ ಲೆಕ್ಕಗಳು ಹಾಗೇ ಉಳಿದವು. "ಟೈಂ ಆಯ್ತು, ಪೇಪರ್ ಕೊಡ್ರಿ" ಎಂದು ಮೇಲ್ವಿಚಾರಕರು ಉತ್ತರ ಪತ್ರಿಕೆ ಎಳೆದುಕೊಂಡರು.

ಫೇಲೆಂದು ಫಲಿತಾಂಶ ಬಂದ ದಿನ ಔರಾದಿಗೆ ಹೋಗಿ, ಪರೀಕ್ಷೆಯಲ್ಲಿ ಬರೆದದ್ದನ್ನೇ ತಂತ್ರಾಂಶಕ್ಕೆ ಕೊಟ್ಟೆ. ಪರದೆಯ ನಡುವೆ ಸಪಾಟು ಗೆರೆ. ತಪ್ಪು ಈಗ ತಟ್ಟನೆ ಸಿಕ್ಕಿತು. ಒಂದು ಸಲ ಋಣ, ಒಂದು ಸಲ ಧನ ಆಗಬೇಕಾದ ಕೊಸೈನ್ ಎನ್ ಪೈಯನ್ನು ನಾನು ಎಲ್ಲ ಸಲವೂ ಒಂದು ಎಂದೇ ಹಿಡಿದಿದ್ದೆ. ತಿದ್ದಿದೆ. ಮಲಗಿದ ಗೆರೆ ಎದ್ದು ಓರೆಯಾಗಿ ನಿಂತಿತು. ಇನ್ನು ಅದು ಯಾರಿಗೆ ಬೇಕಿತ್ತು?

"ಏಳೋ, ಗಿರಾಕಿ ಬಂದಾರ" ಎಂದ ಗೆಳೆಯ, ಮೆಲ್ಲಗೆ.

ಭಾಲ್ಕಿಯಲ್ಲಿ ಬಸ್ಸಿಳಿದು ಬಂದರೆ, ನಮ್ಮ ಓಣಿಯ ಬಾಯಲ್ಲಿ ಚಹಾದಂಗಡಿಯ ಕಾಕಾ ಕೂಗಿದರು: "ಬರ್ರಿ ಇಂಜಿನಿಯರ್ ಸಾಹೇಬ್ರ, ಚಾ ಕುಡ್ದು ಹೋಗ್ರಿ."

ಅವರ ದನಿಯಲ್ಲಿ ಕುಚೋದ್ಯ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. "ಬಂದೆರಿ ಕಾಕಾ" ಎಂದು ಬೆಂಚಿನ ಮೇಲೆ ಕೂತೆ.